ಬಾಡಿಗೆದಾರರು ಅಡ್ವಾನ್ಸ್ ಪೂರ್ತಿ ಕೊಟ್ಟಿಲ್ಲ, ಕರಾರು ಪತ್ರದಲ್ಲಿ ಮಾತ್ರ ಪೂರ್ತಿ ಸಂದಾಯವಾಗಿದೆ ಎಂದಿದೆ: ಮುಂದೇನು ಮಾಡಬೇಕು?

ಪ್ರಶ್ನೆ: ಮನೆ ಮಾಲೀಕರ ಮಗಳು, ವಿಜಯನಗರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ತಾಯಿಯವರ ಹೆಸರಿನಲ್ಲಿ ಒಂದು ಮನೆಯಿದೆ. ಕೆಳಗಿನ ಮನೆಯಲ್ಲಿ ಅವರು ಒಬ್ಬರೇ ವಾಸವಾಗಿದ್ದಾರೆ, ಮೊದಲನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ನಾನು ಅವರ ಒಬ್ಬಳೇ ಮಗಳು. ಕೆಲಸದ ನಿಮಿತ್ತ ಹುಬ್ಬಳ್ಳಿಯಲ್ಲಿರುವುದರಿಂದ ಬಾಡಿಗೆಯ ಲೆಕ್ಕಪತ್ರ, ಬ್ಯಾಂಕಿನ ವ್ಯವಹಾರಗಳನ್ನು ಇಲ್ಲಿಂದಲೇ ನೋಡಿಕೊಳ್ಳುತ್ತೇನೆ.

ಈಗಿನ ಬಾಡಿಗೆದಾರರು ಮನೆಗೆ ಬಂದಾಗ ತಿಂಗಳಿಗೆ ₹22,000 ಬಾಡಿಗೆ, ₹1,50,000 ಅಡ್ವಾನ್ಸ್ ಎಂದು ಮಾತಾಗಿತ್ತು. ಕರಾರು ಹನ್ನೊಂದು ತಿಂಗಳದ್ದು, ಈಗ ಏಳನೆಯ ತಿಂಗಳು ನಡೆಯುತ್ತಿದೆ. ಮನೆಗೆ ಬರುವ ಮುನ್ನ ಅವರು ನನ್ನ ಖಾತೆಗೆ ₹50,000 ಹಾಕಿದರು. ಹಿಂದೆ ಇದ್ದ ಮನೆಯ ಮಾಲೀಕರಿಂದ ಅಡ್ವಾನ್ಸ್ ವಾಪಸು ಬರಬೇಕಾಗಿದೆ, ಅದು ಬಂದ ಕೂಡಲೇ ಎರಡು ತಿಂಗಳೊಳಗೆ ಉಳಿದ ಒಂದು ಲಕ್ಷವನ್ನು ಕೊಡುತ್ತೇವೆ ಎಂದು ವಾಟ್ಸಾಪ್‌ನಲ್ಲಿ ಬರೆದು ತಿಳಿಸಿದ್ದಾರೆ. ಕರಾರು ಪತ್ರವನ್ನು ಅದಕ್ಕೂ ಮೊದಲೇ ಟೈಪ್ ಮಾಡಿಸಿದ್ದರಿಂದ ಅದರಲ್ಲಿ ‘₹1,50,000 ಮಾಲೀಕರಿಗೆ ಸಂದಾಯವಾಗಿರುತ್ತದೆ’ ಎಂದೇ ಇದೆ, ತಾಯಿಯವರು ಅದಕ್ಕೆ ಸಹಿ ಮಾಡಿದ್ದಾರೆ.

ಬಾಡಿಗೆಯ ವಿಷಯದಲ್ಲಿ ಅವರಿಂದ ಯಾವ ತೊಂದರೆಯೂ ಇಲ್ಲ. ಪ್ರತಿ ತಿಂಗಳು ಐದನೆಯ ತಾರೀಖಿನೊಳಗೆ ಹಣ ಬರುತ್ತದೆ, ಮನೆಯನ್ನೂ ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೆ. ಅಡ್ವಾನ್ಸ್ ಬಾಕಿಯ ಮಾತೆತ್ತಿದರೆ ಮಾತ್ರ ‘ಮುಂದಿನ ತಿಂಗಳು’ ಎಂಬ ಉತ್ತರ ಬರುತ್ತದೆ. ನೆಂಟರೊಬ್ಬರು ಸಂಪಿನ ಮೋಟಾರ್ ನಿಲ್ಲಿಸಿದರೆ ಮರುದಿನವೇ ಹಣ ಬರುತ್ತದೆ ಎನ್ನುತ್ತಾರೆ. ಇನ್ನೊಬ್ಬರು, ಬರುವ ಬಾಡಿಗೆಯನ್ನೆಲ್ಲ ಮೊದಲು ಅಡ್ವಾನ್ಸ್ ಬಾಬ್ತಿಗೆ ಜಮಾ ಮಾಡಿಕೊಂಡು ಬಾಡಿಗೆಯನ್ನೇ ಬಾಕಿಯೆಂದು ತೋರಿಸಿ ನೋಟಿಸ್ ಕೊಡಿ ಎನ್ನುತ್ತಾರೆ. ತಾಯಿಯವರಿಗೆ ಎರಡೂ ಒಪ್ಪಿಗೆಯಿಲ್ಲ. ಮೇಲಿನ ಮನೆಯಲ್ಲಿ ಪುಟ್ಟ ಮಗುವಿದೆ, ಅವರ ನಡುವೆ ಒಳ್ಳೆಯ ಬಳಕೆಯೂ ಇದೆ. ಆದರೂ ಒಬ್ಬರೇ ಇರುವ ಹಿರಿಯರಿಗೆ ಸಿಗಬೇಕಾದ ಭದ್ರತೆ ಸಿಕ್ಕಿಲ್ಲವಲ್ಲ ಎಂಬುದು ನನ್ನ ಚಿಂತೆ. ಬಾಕಿ ಅಡ್ವಾನ್ಸ್ ಕೊಡದ ಕಾರಣಕ್ಕೆ ಮನೆ ಬಿಡಿಸಲು ಸಾಧ್ಯವೇ? ನಾಳೆ ಅವರು ಹೋಗುವಾಗ ಕರಾರು ಪತ್ರವನ್ನು ತೋರಿಸಿ ಒಂದೂವರೆ ಲಕ್ಷ ವಾಪಸು ಕೇಳಿದರೆ ಏನು ಗತಿ? ತಿಳಿದವರು ದಯವಿಟ್ಟು ವಿವರವಾಗಿ ಉತ್ತರಿಸಬೇಕಾಗಿ ವಿನಂತಿ.

ಉತ್ತರ 1: ಸಿವಿಲ್ ವಕೀಲರು, ಬೆಂಗಳೂರು

ತಾವು ಕೊನೆಯಲ್ಲಿ ಕೇಳಿರುವ ಪ್ರಶ್ನೆಯನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ತಮ್ಮ ತಾಯಿಯವರಿಗೆ ನಿಜವಾದ ಅಪಾಯವಿರುವುದು ಬಾರದೆ ಉಳಿದ ಒಂದು ಲಕ್ಷದಲ್ಲಿ ಅಲ್ಲ, ಅದು ಬಂದಿದೆ ಎಂದು ಹೇಳುವ ಆ ಒಂದು ಸಾಲಿನಲ್ಲಿ. ಸಹಿಯಾದ ಪತ್ರದಲ್ಲಿ ಹಣ ಸಂದಾಯವಾಗಿದೆ ಎಂದಿರುವಾಗ, ಅದು ಸಂದಾಯವಾಗಿಲ್ಲ ಎಂದು ತೋರಿಸಿಕೊಡುವ ಹೊಣೆ ತಾಯಿಯವರ ಮೇಲೆ ಬೀಳುತ್ತದೆ. ಹಾಗೆ ತೋರಿಸಲು ಕಾನೂನಿನಲ್ಲಿ ಅವಕಾಶವಿದೆ. ಹಣ ಮುಟ್ಟಿತು ಎಂಬುದು ಒಂದು ಸಂಗತಿಯ ಹೇಳಿಕೆಯೇ ಹೊರತು ಕರಾರಿನ ಷರತ್ತಲ್ಲವಾದ್ದರಿಂದ, ಬೇರೆ ಸಾಕ್ಷ್ಯದಿಂದ ಅದನ್ನು ಅಲ್ಲಗಳೆಯಬಹುದು. ಆದರೆ ಬಾಡಿಗೆದಾರರು ‘ಉಳಿದ ಒಂದು ಲಕ್ಷವನ್ನು ನಗದಾಗಿ ಕೊಟ್ಟಿದ್ದೇನೆ’ ಎಂದುಬಿಟ್ಟರೆ ವಾದ ಎಳೆಯುತ್ತದೆ. ಅವರು ಹಾಗೆ ಹೇಳುವವರು ಎಂದು ನನ್ನ ಅಭಿಪ್ರಾಯವಲ್ಲ. ಸಂಬಂಧ ಚೆನ್ನಾಗಿರುವ ಕಾಲದಲ್ಲಿ ಸುಲಭವಾಗಿ ಬರೆಸಿಕೊಳ್ಳಬಹುದಾದದ್ದು ಸಂಬಂಧ ಕೆಟ್ಟ ಮೇಲೆ ಎಷ್ಟು ಬೇಡಿದರೂ ಸಿಗುವುದಿಲ್ಲ ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ.

ಆದ್ದರಿಂದ ಹಣ ಕೇಳುವುದಕ್ಕೂ ಮೊದಲು ಕಾಗದವನ್ನು ಸರಿಪಡಿಸಿಕೊಳ್ಳಿ. ಕರಾರಿನ ದಿನಾಂಕವನ್ನು ನಮೂದಿಸಿ, ಅದರಲ್ಲಿ ₹1,50,000 ಎಂದು ಬರೆದಿದ್ದರೂ ವಾಸ್ತವವಾಗಿ ಇಂಥ ದಿನ ಬ್ಯಾಂಕಿನ ಮೂಲಕ ₹50,000 ಮಾತ್ರ ಸಂದಾಯವಾಗಿದೆ, ₹1,00,000 ಬಾಕಿಯಿದೆ, ಮನೆ ಖಾಲಿ ಮಾಡುವಾಗ ವಾಪಸು ಕೊಡಬೇಕಾದದ್ದು ವಾಸ್ತವವಾಗಿ ಸಂದಾಯವಾದ ಮೊತ್ತವನ್ನು ಮಾತ್ರ ಎಂದು ಬರೆದು, ಎರಡೂ ಕಡೆಯವರು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಬೇಕು. ಬ್ಯಾಂಕ್ ಸ್ಟೇಟ್‌ಮೆಂಟನ್ನೂ ವಾಟ್ಸಾಪ್ ಸಂದೇಶವನ್ನೂ ಕಾಪಾಡಿಕೊಳ್ಳಿ. ಸಂದೇಶದ ಚಿತ್ರ ತೆಗೆದಿಟ್ಟರಷ್ಟೇ ಸಾಲದು, ಅದು ಬಂದಿರುವ ಫೋನನ್ನೂ ಇಟ್ಟುಕೊಳ್ಳಬೇಕು. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ.

ಇನ್ನು ಮನೆ ಬಿಡಿಸುವ ವಿಷಯ. ಕರ್ನಾಟಕ ಬಾಡಿಗೆ ಅಧಿನಿಯಮ, 1999 ಬೆಂಗಳೂರಿನಲ್ಲಿ ತಿಂಗಳಿಗೆ ₹3,500 ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ತಮ್ಮ ವ್ಯವಹಾರ 1882ರ ಸ್ವತ್ತು ವರ್ಗಾವಣೆ ಅಧಿನಿಯಮಕ್ಕೂ ತಮ್ಮ ಕರಾರು ಪತ್ರಕ್ಕೂ ಒಳಪಡುತ್ತದೆ. ಅಡ್ವಾನ್ಸ್ ಪೂರ್ತಿ ಬಂದಿಲ್ಲವೆಂದ ಮಾತ್ರಕ್ಕೆ ಅವರು ಅನಧಿಕೃತ ವಾಸಿಗಳಾಗುವುದಿಲ್ಲ. ಕೀಲಿ ಕೊಟ್ಟು, ತಿಂಗಳು ತಿಂಗಳು ಬಾಡಿಗೆ ಪಡೆದಿರುವುದರಿಂದ ಅವರು ಎಲ್ಲ ಅರ್ಥದಲ್ಲಿಯೂ ಬಾಡಿಗೆದಾರರೇ. ಷರತ್ತು ಮುರಿದ ಕಾರಣಕ್ಕೆ ಅವಧಿಯ ನಡುವೆಯೇ ಬಾಡಿಗೆಯ ಹಕ್ಕನ್ನು ಕೊನೆಗೊಳಿಸಬೇಕಾದರೆ, ‘ಈ ಷರತ್ತು ಮುರಿದರೆ ಮಾಲೀಕರು ಮನೆಯನ್ನು ಮರಳಿ ವಶಕ್ಕೆ ಪಡೆಯಬಹುದು’ ಎಂಬ ಮಾತು ಕರಾರಿನಲ್ಲಿಯೇ ಸ್ಪಷ್ಟವಾಗಿರಬೇಕು ಎಂದು 111ನೆಯ ಕಲಮು ಹೇಳುತ್ತದೆ. ಹಾಗಿದ್ದರೂ, ಯಾವ ಷರತ್ತು ಮುರಿದಿದೆ ಎಂದು ಲಿಖಿತವಾಗಿ ತಿಳಿಸಿ, ಅದನ್ನು ಸರಿಪಡಿಸಿಕೊಳ್ಳಲು ನ್ಯಾಯವಾದ ಕಾಲಾವಕಾಶ ಕೊಟ್ಟ ಮೇಲಲ್ಲದೆ ದಾವೆ ಹೂಡಲಾಗದು ಎಂದು 114-ಎ ಕಲಮು ಕಟ್ಟುಮಾಡುತ್ತದೆ. ತಮ್ಮ ಪತ್ರದಲ್ಲಿ ಅಡ್ವಾನ್ಸ್ ಪೂರ್ತಿ ಬಂದಿದೆ ಎಂದೇ ಇರುವಾಗ, ಅದು ಬಾರದಿರುವುದನ್ನು ಷರತ್ತಿನ ಉಲ್ಲಂಘನೆಯೆಂದು ಸಾಧಿಸುವುದು ಇನ್ನೂ ಕಷ್ಟ. ಕರಾರು ಮುಗಿಯಲು ಕೆಲವೇ ತಿಂಗಳು ಉಳಿದಿರುವಾಗ ಈ ದಾರಿ ಹಿಡಿಯಿರಿ ಎಂದು ನಾನಂತೂ ಸಲಹೆ ಕೊಡಲಾರೆ.

ಬಾಕಿ ಹಣಕ್ಕಾಗಿ ವಸೂಲಿ ದಾವೆ ಹೂಡಬಹುದೇ ಎಂದು ಕೆಲವರು ಕೇಳುತ್ತಾರೆ. ಅಡ್ವಾನ್ಸ್ ಎಂಬುದು ಬಾಡಿಗೆದಾರರು ಹೋಗುವಾಗ ವಾಪಸು ಕೊಡಬೇಕಾದ ಹಣ. ದಾವೆ ತೀರ್ಮಾನವಾಗುವ ಹೊತ್ತಿಗೆ ಅವರು ಮನೆಯನ್ನೇ ಬಿಟ್ಟು ಹೋಗಿರುತ್ತಾರೆ. ವಾಪಸು ಕೊಡಲೇಬೇಕಾದ ಹಣವನ್ನು ವಸೂಲು ಮಾಡಲು ನ್ಯಾಯಾಲಯದ ಶುಲ್ಕ, ವಕೀಲರ ಶುಲ್ಕ ಕಟ್ಟಿ ಓಡಾಡುವುದರಲ್ಲಿ ನನಗೆ ಯಾವ ಪ್ರಯೋಜನವೂ ಕಾಣುವುದಿಲ್ಲ.

ಬಾಡಿಗೆಯನ್ನು ಅಡ್ವಾನ್ಸ್‌ಗೆ ಜಮಾ ಮಾಡಿಕೊಳ್ಳುವ ಸಲಹೆಯನ್ನು ಖಂಡಿತ ಕೇಳಬೇಡಿ. ಸಾಲಗಾರನು ಇಂಥ ಬಾಕಿಗೆಂದು ಹೇಳಿ ಕೊಟ್ಟ ಹಣವನ್ನು, ಅಥವಾ ಹಾಗೆಂದು ಸಂದರ್ಭದಿಂದಲೇ ತಿಳಿದುಬರುವ ಹಣವನ್ನು, ಆ ಬಾಕಿಗೇ ಜಮಾ ಮಾಡಬೇಕೆಂದು 1872ರ ಕರಾರು ಕಾಯ್ದೆಯ 59ನೆಯ ಕಲಮು ಹೇಳುತ್ತದೆ. ಯುಪಿಐನಲ್ಲಿ ‘ಆಗಸ್ಟ್ ಬಾಡಿಗೆ’ ಎಂದು ಬರೆದು ₹22,000 ಕಳುಹಿಸಿದ್ದರೆ ಅದು ಬಾಡಿಗೆಯೇ. ಏನೂ ಬರೆಯದೆ ಇದ್ದರೂ, ಐದನೆಯ ತಾರೀಖಿನೊಳಗೆ ಬಾಡಿಗೆಯಷ್ಟೇ ಮೊತ್ತ ಬರುತ್ತಿರುವಾಗ ಅದು ಬೇರೆ ಬಾಬ್ತು ಎಂದು ಯಾರೂ ಒಪ್ಪುವುದಿಲ್ಲ. ತಪ್ಪದೆ ಬಾಡಿಗೆ ಕೊಡುವವರ ಮೇಲೆ ಇಲ್ಲದ ಬಾಕಿಯನ್ನು ಹೊರಿಸಿ ನೋಟಿಸ್ ಕೊಟ್ಟರೆ ಮುಂದೆ ತಮ್ಮ ನಿಜವಾದ ಮಾತಿನ ಮೇಲೂ ನ್ಯಾಯಾಧೀಶರಿಗೆ ಅನುಮಾನ ಬರುತ್ತದೆ.

ಮೋಟಾರ್ ನಿಲ್ಲಿಸುವುದಂತೂ ಅನ್ಯಾಯವೂ ಹೌದು, ತಮಗೇ ತಿರುಗುಬಾಣವೂ ಹೌದು. ಬಾಡಿಗೆದಾರರು ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ತರಬಹುದು. ಬೀಗ ಹಾಕಿ ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಕಲಮಿನ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು, ಆ ದಾವೆಯಲ್ಲಿ ಮನೆ ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಉತ್ತರ 2: ಮನೆ ಮಾಲೀಕರು, ರಾಜಾಜಿನಗರ

ವಕೀಲರು ಕಾನೂನನ್ನು ಬಿಡಿಸಿ ಹೇಳಿದ್ದಾರೆ. ನಾನು ಬಹಳ ವರ್ಷಗಳಿಂದ ಮನೆಗಳನ್ನು ಬಾಡಿಗೆಗೆ ಕೊಡುತ್ತಿರುವವನಾದ್ದರಿಂದ ಲೆಕ್ಕದ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ.

ಅಮ್ಮಾ, ₹50,000 ನಿಮ್ಮ ತಾಯಿಯವರನ್ನು ಎಲ್ಲಿಯವರೆಗೆ ಕಾಯುತ್ತದೆ ಎಂದು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ನಮ್ಮ ಊರಿನಲ್ಲಿ ಮನೆ ಬಿಡುವ ಎರಡು ತಿಂಗಳು ಮುಂಚೆ ತಿಳಿಸಿ, ‘ಇನ್ನು ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ’ ಎನ್ನುವವರು ಬಹಳ ಮಂದಿ. ಇವರೂ ಹಾಗೆಂದರೆ ₹44,000 ಅಲ್ಲಿಗೇ ಮುಗಿಯಿತು, ಉಳಿಯುವುದು ₹6,000. ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿಯ ವಾಡಿಕೆ, ಅದಕ್ಕೇ ಹಣ ಸಾಲದು. ಅದರ ಮೇಲೆ ಬೆಸ್ಕಾಂ ಬಿಲ್ಲಿನ ಬಾಕಿ ಇದ್ದರೆ ಅದು ಮನೆಯ ವಿದ್ಯುತ್ ಸಂಪರ್ಕದ ಸಂಖ್ಯೆಯಾದ ಆರ್‌ಆರ್ ನಂಬರಿನ ಜೊತೆಯಲ್ಲೇ ಉಳಿಯುತ್ತದೆ, ಕೊನೆಗೆ ಕಟ್ಟುವವರು ಮನೆಯವರೇ. ಬಾಡಿಗೆದಾರರು ಇವರಂತೆ ಒಳ್ಳೆಯವರಾಗಿದ್ದರೂ, ಕೆಲಸ ಹೋಗುವುದು, ಕಾಯಿಲೆ ಬರುವುದು ಯಾರ ಕೈಯಲ್ಲೂ ಇಲ್ಲ.

ಹಾಗೆಂದು ಒಂದು ಲಕ್ಷಕ್ಕೇ ಪಟ್ಟು ಹಿಡಿಯಬೇಕು ಎಂದು ನಾನು ಹೇಳುವುದಿಲ್ಲ. ‘ಬಾಡಿಗೆಯನ್ನು ಮನೆ ಬಿಡುವ ತಿಂಗಳವರೆಗೂ ಕೊಡತಕ್ಕದ್ದು, ಅಡ್ವಾನ್ಸ್‌ನಲ್ಲಿ ಹೊಂದಿಸಿಕೊಳ್ಳತಕ್ಕದ್ದಲ್ಲ’ ಎಂಬ ಷರತ್ತನ್ನು ಹೊಸ ಪತ್ರದಲ್ಲಿ ಸೇರಿಸಿ, ಅವರು ಅದನ್ನು ಓದಿ ಒಪ್ಪಿ ಸಹಿ ಮಾಡಿದರೆ, ಮೂರು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಸಾಕು. ಮೂರು ತಿಂಗಳೆಂದರೆ ₹66,000. ಅಂದರೆ ಅವರು ಇನ್ನು ಕೊಡಬೇಕಾದದ್ದು ₹16,000 ಮಾತ್ರ. ಒಂದು ಲಕ್ಷ ಕೇಳಿದಾಗ ‘ಮುಂದಿನ ತಿಂಗಳು’ ಎಂದು ತಪ್ಪಿಸಿಕೊಳ್ಳುವ ಮನುಷ್ಯ, ಕೈಗೆಟಕುವ ಮೊತ್ತ ಕೇಳಿದಾಗ ಒಂದು ದಿನ ಗೊತ್ತುಮಾಡಿ ಕೊಡುವುದನ್ನು ನಾನು ಕಂಡಿದ್ದೇನೆ.

ಇನ್ನೊಂದು ಮಾತು ಎಲ್ಲ ಮಾಲೀಕರಿಗೂ ಸೇರಿದ್ದು. ಅಡ್ವಾನ್ಸ್ ನಮ್ಮ ಹಣವಲ್ಲ. ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಬಾಡಿಗೆದಾರರು ಕೀಲಿ ಕೊಟ್ಟ ದಿನವೇ ಮರಳಿಸುವಂತಿರಬೇಕು. ನಾವು ಅದನ್ನು ಮಗಳ ಮದುವೆಗೋ ಮೇಲಿನ ಮಹಡಿಗೋ ಖರ್ಚುಮಾಡಿ, ಹೊಸ ಬಾಡಿಗೆದಾರರು ಬಂದ ಮೇಲೆ ಅವರ ಹಣದಲ್ಲಿ ಹಳಬರಿಗೆ ಕೊಡುತ್ತೇವೆ. ಹಳಬರು ಅಲ್ಲಿಯವರೆಗೆ ಇನ್ನೊಂದು ಮನೆಯ ಮಾಲೀಕರ ಮುಂದೆ ತಲೆ ತಗ್ಗಿಸಿ ನಿಂತಿರುತ್ತಾರೆ. ನಿಮ್ಮ ಮೇಲಿನ ಮನೆಯವರ ಕತೆಯೂ ಅದೇ ಇರಬಹುದು.

ಉತ್ತರ 3: ಬಾಡಿಗೆದಾರರು, ಬಸವೇಶ್ವರನಗರ

ಮೇಡಂ, ನಾನು ಬಾಡಿಗೆ ಮನೆಯಲ್ಲಿರುವವನು, ಆದ್ದರಿಂದ ಆ ಕಡೆಯವರ ಮನಸ್ಸಿನಲ್ಲಿ ಏನಿರಬಹುದು ಎಂಬುದನ್ನು ಹೇಳಬಯಸುತ್ತೇನೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದ ಕಾಲದಿಂದಲೂ ಮನೆ ಬದಲಿಸುವ ಕುಟುಂಬ ಕೆಲವು ವಾರ ಅಥವಾ ಕೆಲವು ತಿಂಗಳು ಎರಡು ಅಡ್ವಾನ್ಸ್‌ಗಳ ಭಾರವನ್ನು ಒಟ್ಟಿಗೆ ಹೊರಬೇಕಾಗುತ್ತದೆ. ಹಳೆಯ ಮನೆಯದು ಬಂದಿರುವುದಿಲ್ಲ, ಹೊಸ ಮನೆಯದು ಕೊಡದಿದ್ದರೆ ಕೀಲಿ ಸಿಗುವುದಿಲ್ಲ. ಅದರ ಜೊತೆಗೆ ಸಾಮಾನು ಸಾಗಿಸುವ ಖರ್ಚು, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ. ಇಷ್ಟೆಲ್ಲ ಇದ್ದರೂ ಬಾಡಿಗೆಯನ್ನು ತಪ್ಪದೆ ಕೊಡುತ್ತಿರುವವರು ವಂಚಿಸುವ ಉದ್ದೇಶ ಇಟ್ಟುಕೊಂಡಿರುವವರಲ್ಲ ಎಂದು ನನಗೆ ತೋರುತ್ತದೆ.

ಹಿಂದಿನ ಮಾಲೀಕರು ಹಣ ಕೊಟ್ಟರೋ ಇಲ್ಲವೋ ಎಂಬುದನ್ನು ನೇರವಾಗಿ ಕೇಳಿ. ಕೊಟ್ಟಿಲ್ಲವೆಂದಾದರೆ ಅವರಿಗೂ ಒಂದು ಸಹಾಯ ಮಾಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ದಾವೆ ಹೂಡುವ ಮೊದಲೇ ಇಬ್ಬರನ್ನೂ ಕರೆಸಿ ರಾಜಿಗೆ ಪ್ರಯತ್ನಿಸುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಆ ತೀರ್ಮಾನಕ್ಕೆ ನ್ಯಾಯಾಲಯದ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಅವರ ಹಣ ಬಂದರೆ ನಿಮ್ಮದೂ ಬರುತ್ತದೆ.

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗಳಿಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು ಎನ್ನುತ್ತದೆ. ಅದು ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಳ್ಳಲಿ ಎಂದು ರೂಪಿಸಿದ ಮಾದರಿಯೇ ಹೊರತು ತನ್ನಷ್ಟಕ್ಕೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೂ ನ್ಯಾಯವಾದ ಮೊತ್ತ ಯಾವುದು ಎಂಬುದಕ್ಕೆ ಅದೊಂದು ಅಳತೆಗೋಲು. ಆ ಅಳತೆಯಲ್ಲಿ ₹44,000 ಸಾಕು, ನಿಮ್ಮ ಕೈಯಲ್ಲಿ ಈಗಾಗಲೇ ₹50,000 ಇದೆ. ರಾಜಾಜಿನಗರದ ಹಿರಿಯರು ಹೇಳಿದ ಮೂರು ತಿಂಗಳ ಲೆಕ್ಕವೂ ನನಗೆ ಒಪ್ಪಿಗೆಯೇ. ಒಂದು ಕೋರಿಕೆಯಿದೆ: ಬಾಕಿಗೆ ಬಡ್ಡಿಯನ್ನೋ ದಂಡವನ್ನೋ ಸೇರಿಸಬೇಡಿ, ಮತ್ತು ಅಡ್ವಾನ್ಸ್‌ನಿಂದ ಯಾವುದಕ್ಕೆ ಎಷ್ಟು ಮುರಿದುಕೊಳ್ಳಬಹುದು ಎಂಬುದನ್ನೂ ಅದೇ ಪತ್ರದಲ್ಲಿ ಬರೆಯಿರಿ. ಮನೆಗೆ ಬಂದಾಗಿನ ಗೋಡೆ, ನಲ್ಲಿ, ಕಿಟಕಿಗಳ ಫೋಟೋ ಎರಡೂ ಕಡೆ ಇದ್ದರೆ ಹೋಗುವ ದಿನ ಜಗಳವೇ ಇರುವುದಿಲ್ಲ.

ಪ್ರಶ್ನೆ ಕೇಳಿದವರ ಮರುಬರಹ

ಮೂವರಿಗೂ ನನ್ನ ಮತ್ತು ತಾಯಿಯವರ ಧನ್ಯವಾದಗಳು. ಉತ್ತರಗಳನ್ನು ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. ₹66,000ಕ್ಕೆ ಇಳಿಸುವುದಕ್ಕೆ ಅವರು ಸಂತೋಷದಿಂದ ಒಪ್ಪಿದ್ದಾರೆ. ಬಾಡಿಗೆದಾರರೊಡನೆಯೂ ಮಾತನಾಡಿದೆ. ಹಳೆಯ ಮನೆಯಿಂದ ಅರ್ಧದಷ್ಟು ಹಣ ಮಾತ್ರ ಬಂದಿದೆಯಂತೆ, ಅದು ಮಗುವಿನ ಆಸ್ಪತ್ರೆ ಖರ್ಚಿಗೆ ಹೋಯಿತಂತೆ. ₹16,000ವನ್ನು ಎರಡು ಕಂತಿನಲ್ಲಿ ಬಾಡಿಗೆಯ ಜೊತೆಗೆ ಕೊಡುತ್ತೇವೆ, ಏನು ಬರೆದರೂ ಸಹಿ ಮಾಡುತ್ತೇವೆ ಎಂದಿದ್ದಾರೆ.

ವಕೀಲರಲ್ಲಿ ಇನ್ನೂ ಕೆಲವು ಸಂದೇಹಗಳಿವೆ. ಹಳೆಯ ಕರಾರಿನ ಹಿಂಬದಿಯಲ್ಲಿ ಷರಾ ಬರೆದರೆ ಸಾಕೇ, ಅಥವಾ ಹೊಸ ಛಾಪಾ ಕಾಗದ ಬೇಕೇ? ಸಹಿಯನ್ನು ತಾಯಿಯವರೇ ಮಾಡಬೇಕೇ? ಕರಾರು ಮುಗಿದ ಮೇಲೆ ಅವರು ಮುಂದುವರಿದರೆ ಏನು ಮಾಡಬೇಕು?

ಉತ್ತರ 4: ಸಿವಿಲ್ ವಕೀಲರು, ಬೆಂಗಳೂರು

ಒಳ್ಳೆಯ ತೀರ್ಮಾನ. ಇಷ್ಟು ಹಣ ಬಂದಿದೆ, ಇಷ್ಟು ಬಂದಿಲ್ಲ ಎಂಬ ಸಂಗತಿಯನ್ನಷ್ಟೇ ಒಪ್ಪಿಕೊಳ್ಳುವುದಾಗಿದ್ದರೆ ಇಬ್ಬರ ಸಹಿಯುಳ್ಳ ಷರಾ ಉಪಯೋಗಕ್ಕೆ ಬರುತ್ತದೆ. ಆದರೆ ತಾವು ಈಗ ಅಡ್ವಾನ್ಸ್ ಮೊತ್ತವನ್ನೇ ಬದಲಿಸಿ, ಹೊಸ ಷರತ್ತನ್ನೂ ಸೇರಿಸುತ್ತಿರುವುದರಿಂದ, ಪ್ರತ್ಯೇಕ ಇ-ಸ್ಟಾಂಪ್ ಕಾಗದದ ಮೇಲೆ ಪೂರಕ ಕರಾರನ್ನು ಮಾಡಿಕೊಳ್ಳಿ, ಅದರಲ್ಲಿ ಹಳೆಯ ಕರಾರಿನ ಯಾವ ಕಂಡಿಕೆ ಹೇಗೆ ಬದಲಾಗಿದೆ ಎಂಬುದನ್ನು ಹೇಳಿ. ಛಾಪಾ ಶುಲ್ಕ ಕಡಿಮೆಯಿದ್ದರೆ, ಕೊರತೆಯ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟುವವರೆಗೆ ಪತ್ರವನ್ನು ಸಾಕ್ಷ್ಯವಾಗಿ ಓದಲಾಗದು. ಆದ್ದರಿಂದ ಶುಲ್ಕ ಎಷ್ಟೆಂದು ಪತ್ರ ಬರಹಗಾರರಲ್ಲಿ ಅಥವಾ ಉಪನೋಂದಣಿ ಕಚೇರಿಯಲ್ಲಿ ಕೇಳಿಕೊಂಡೇ ಕಾಗದ ತೆಗೆಯಿರಿ.

ಹನ್ನೊಂದು ತಿಂಗಳು ಮುಗಿದ ಮೇಲೆ ಹೊಸ ಕರಾರು ಮಾಡದೆ ಬಾಡಿಗೆ ಪಡೆಯುತ್ತಾ ಹೋದರೆ, ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಆಗ ಬಿಡಿಸಬೇಕೆಂದರೆ ಸ್ವತ್ತು ವರ್ಗಾವಣೆ ಅಧಿನಿಯಮದ 106ನೆಯ ಕಲಮಿನ ಪ್ರಕಾರ ಹದಿನೈದು ದಿನಗಳ ಲಿಖಿತ ನೋಟಿಸ್ ಸಾಕು. ನೋಟಿಸ್ ಕೊಟ್ಟ ಮೇಲೂ ಎಂದಿನಂತೆ ಬಾಡಿಗೆ ಪಡೆಯುತ್ತಿದ್ದರೆ ತಾಯಿಯವರೇ ನೋಟಿಸನ್ನು ಕೈಬಿಟ್ಟರು ಎಂಬ ವಾದಕ್ಕೆ ಎಡೆಯಾಗುತ್ತದೆ. ಇವೆಲ್ಲವೂ ಬೇಡವೆಂದರೆ, ಕರಾರು ಮುಗಿಯುವ ಮುನ್ನವೇ, ನಿಜವಾಗಿ ಕೈಸೇರಿದ ಮೊತ್ತವನ್ನೇ ನಮೂದಿಸಿ ಹೊಸ ಕರಾರು ಮಾಡಿಕೊಳ್ಳಿ.

ಕಂತುಗಳನ್ನು ಬಾಡಿಗೆಯೊಡನೆ ಒಟ್ಟುಗೂಡಿಸಿ ₹30,000 ಎಂದು ಪಡೆಯಬೇಡಿ. ₹22,000 ಬಾಡಿಗೆ, ₹8,000 ಅಡ್ವಾನ್ಸ್ ಬಾಬ್ತು ಎಂದು ಬೇರೆ ಬೇರೆಯಾಗಿ ಕಳುಹಿಸಲು ಹೇಳಿ, ಅಡ್ವಾನ್ಸ್ ಕಂತಿಗೆ ರಸೀದಿ ಕೊಡಿ. ನಗದು ಬೇಡ. ಆದಾಯ ತೆರಿಗೆ ಕಾನೂನು ₹20,000 ಅಥವಾ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆಯುವುದನ್ನೂ ಮರಳಿಸುವುದನ್ನೂ ನಿಷೇಧಿಸುತ್ತದೆ, ಆದ್ದರಿಂದ ಮನೆ ಬಿಡುವಾಗ ಅಡ್ವಾನ್ಸ್ ವಾಪಸು ಕೊಡುವುದೂ ಬ್ಯಾಂಕಿನ ಮೂಲಕವೇ ಆಗಲಿ.

ಮನೆ ತಾಯಿಯವರದು, ಕರಾರು ಅವರು ಮಾಡಿದ್ದು, ಆದ್ದರಿಂದ ಪೂರಕ ಕರಾರಿಗೂ ಅವರೇ ಸಹಿ ಮಾಡಲಿ. ಮೊದಲ ₹50,000 ತಮ್ಮ ಖಾತೆಗೆ ಬಂದಿದೆ ಎಂದು ಬರೆದಿದ್ದೀರಿ. ಆ ಹಣವನ್ನು ತಾಯಿಯವರ ಪರವಾಗಿ ತಾವು ಪಡೆದಿದ್ದೀರಿ, ಅದು ಇದೇ ಮನೆಯ ಅಡ್ವಾನ್ಸ್ ಬಾಬ್ತು ಎಂಬ ಒಂದು ವಾಕ್ಯವನ್ನು, ವರ್ಗಾವಣೆಯ ದಿನಾಂಕ ಮತ್ತು ಯುಟಿಆರ್ ಸಂಖ್ಯೆಯ (ಬ್ಯಾಂಕು ಆ ವರ್ಗಾವಣೆಗೆ ಕೊಡುವ ಗುರುತಿನ ಸಂಖ್ಯೆ) ಸಮೇತ, ಪತ್ರದಲ್ಲಿ ಸೇರಿಸಿ ತಾವು ಸಾಕ್ಷಿಯಾಗಿ ಸಹಿ ಹಾಕಿ.